ತೆಂಗಿನ ನೆರಳಿನ ಕುದುರೆ

ತುರುವೇಕೆರೆಯಿಂದ ಬಾಣಸಂದ್ರದ ರೈಲು ನಿಲ್ದಾಣಕ್ಕೆ ತೋಟದ ಸಾಲುಗಳ ನಡುವಣ ಮಣ್ಣುದಾರಿಯಲ್ಲಿ ನಮ್ಮ ತಂದೆಯವರು ಏರಿ ಹೋಗುತ್ತಿದ್ದ ಕೆಂಗಂದು ಬಣ್ಣದ ತಟ್ಟುವನ್ನು ನೆನೆದಾಗಲೆಲ್ಲ, ಬೆಂದ ಹುರುಳಿಯ ಹಬೆಯೂ ಬೆವರಿದ ಜೀನಿನ ತೊಗಲ ವಾಸನೆಯೂ ಒಟ್ಟಿಗೇ ಬಂದು ನನ್ನ ಮನಸ್ಸನ್ನು ಆವರಿಸುತ್ತವೆ. ಅಮೃತಮಹಲ್ ರಾಸುಗಳ ಕೊನೇಹಳ್ಳಿ ಕಾವಲು ತಿಪಟೂರಿನ ಮಗ್ಗುಲಲ್ಲೇ ಇರುವ, ಕೊಬ್ಬರಿಯೆಲ್ಲ ಎತ್ತಿನ ಗಾಡಿಯಲ್ಲೇ ಪೇಟೆ ಸೇರುತ್ತಿದ್ದ ಈ ಸೀಮೆಯಲ್ಲಿ ಕುದುರೆ ವಿರಳವಾದ ಪ್ರಾಣಿ. ಆದರೂ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ 18ನೆಯ ಶತಮಾನದಲ್ಲಿ ಆರಂಭವಾದ ಕುಣಿಗಲ್ಲಿನ ಕುದುರೆ ಫಾರಂ ನಮ್ಮ ಜಿಲ್ಲೆಯದೇ ಎಂಬ ಹೆಮ್ಮೆ ತಂದೆಯವರಿಗಿತ್ತು.

ಸವಾರಿಯ ಸೊಗಸನ್ನು ಹೊಗಳುವವರು ಬಹುಮಂದಿ. ಸಾಕಣೆಯ ಸೊಗಸು ನನಗೆ ಅದಕ್ಕಿಂತಲೂ ಹಿರಿದೆಂದು ತೋರುತ್ತದೆ. ಕುದುರೆಗೆ ವಾಂತಿಯಾಗದು, ತಿಂದುದು ಕೆಟ್ಟರೆ ಹೊಟ್ಟೆಶೂಲೆ ಪ್ರಾಣಕ್ಕೇ ಎರವಾಗಬಹುದು, ಆದಕಾರಣ ಬೂಷ್ಟು ಹಿಡಿದ ಕಾಳು ಒಂದೂ ಉಳಿಯದಂತೆ ಅಜ್ಜಿ ಹುರುಳಿಯನ್ನು ಮೊರದಲ್ಲಿ ಕೇರಿ ಆರಿಸುತ್ತಿದ್ದರು. ಉಗುರಿನಂತೆಯೇ ಬೆಳೆಯುವ ಗೊರಸನ್ನು ಆರೇಳು ವಾರಗಳಿಗೊಮ್ಮೆ ಕೆತ್ತಿ ಹೊಸದಾಗಿ ಲಾಳ ಹೊಡೆಯಬೇಕು. ಮೊಳೆಯು ನೋವರಿಯದ ಹೊರ ಅಂಚನ್ನು ದಾಟಿ ಒಳಗಿನ ಮೃದುಭಾಗಕ್ಕೆ ತಗುಲದಂತೆ ಹೊಡೆವವನ ಕೈ, ವೀಣೆಯ ತಂತಿಯನ್ನು ಶ್ರುತಿಗೊಳಿಸುವ ಕೈಯಷ್ಟೇ ಸೂಕ್ಷ್ಮವಾದುದು.

ನನ್ನನ್ನು ಮೊದಲ ಬಾರಿ ಅದರ ಬೆನ್ನ ಮೇಲೆ ಕೂರಿಸಿದಾಗ ತಂದೆಯವರು ಹೇಳಿದ್ದು ಒಂದೇ ಮಾತು: “ಲಗಾಮು ಜಗ್ಗಬೇಡ ಮಗು, ಅದರ ಬಾಯಿಗೆ ನೋವಾದೀತು.” ಕತ್ತಲಾದ ಮೇಲೆ ನಿಲ್ದಾಣದಿಂದ ಮರಳುವಾಗ ಲಗಾಮನ್ನು ಸಡಿಲಬಿಟ್ಟರೆ ಸಾಕು, ಉದುರಿದ ಸೋಗೆಗಳನ್ನು ತಾನೇ ಬಳಸಿಕೊಂಡು ನಡೆದು, ಮನೆಯ ಬಾಗಿಲಲ್ಲಿ ನಿಂತು, ಒಮ್ಮೆ ಮೂಗರಳಿಸಿ ಕೆನೆಯುತ್ತಿತ್ತು, ಒಳಗೆ ಅಜ್ಜಿ ದೀಪದ ಬತ್ತಿಯನ್ನು ಏರಿಸುತ್ತಿದ್ದರು.