ಸೌಲನ ಕಥಿಯೊಳಗಿನ ಹಾಡು

ಬೈಬಲ್ಲಿನೊಳಗ ಸಮುವೇಲನ ಹೆಸರಿನ ಎರಡು ಪುಸ್ತಕ ಅದಾವ. ಮೊದಲನೇದರಾಗ 31 ಅಧ್ಯಾಯ. 9ನೇ ಅಧ್ಯಾಯದಿಂದ ಕಡೀತನಕ ಇಸ್ರಾಯೇಲರ ಮೊದಲನೇ ಅರಸ ಸೌಲನ ಕಥಿ ಹರೀತದ. ಉಪದೇಶ ಮಾಡುವವರು ಇದನ್ನು ಬಹಳ ಸಣ್ಣದು ಮಾಡಿ ಹೇಳತಾರ: ಸೌಲ ಕೆಟ್ಟವ, ದಾವೀದ ಒಳ್ಳೆಯವ, ನೀವು ಸೌಲನಂಗ ಆಗಬ್ಯಾಡ್ರಿ. ನನಗ ಇದು ಒಪ್ಪಿಗಿಲ್ಲ. ನಾನು ಏಳನೇ ಇಯತ್ತೆ ಕಲಿತವ, ಹೊಲ ಮಾಡಿಕೊಂಡು ಗೀಗೀ ಪದ ಹಾಡುವವ. ಹಾಡುವವನ ಕಿವಿಯಿಂದ ಕೇಳಿದರ ಕಥಿ ಬ್ಯಾರೆ ಆಗತದ.

ಮೊದಲು ಸೌಲ ಎಂಥವ ಇದ್ದ ನೋಡ್ರಿ. ಅಪ್ಪನ ಕತ್ತೆ ತಪ್ಪಿಸಿಕೊಂಡಾವಂತ ಹುಡುಕಲಿಕ್ಕೆ ಹೊಂಟವ. ಅರಸನಂತ ಆರಿಸಿದ ದಿವಸ ಸಾಮಾನಿನ ನಡುವ ಅಡಗಿ ಕೂತಿದ್ದ. ಯಾಬೇಷ್ ಗಿಲ್ಯಾದಿನ ಮಂದಿಯ ಬಲಗಣ್ಣು ಕೀಳತೀವಿ ಅಂತ ವೈರಿಗಳು ಹೆದರಿಸಿದ ಸುದ್ದಿ ಬಂದಾಗ, ಈ ಅರಸ ಹೊಲದಿಂದ ಎತ್ತಿನ ಹಿಂದ ಬರಾಕತ್ತಿದ್ದ! ಮಂದಿ ಕೂಡಿಸಿಕೊಂಡು ಹೋಗಿ ಆ ಊರು ಉಳಿಸಿದ. ತನ್ನನ್ನು ಹಳಿದವರನ್ನ ಕೊಲ್ಲೂದು ಬ್ಯಾಡ ಅಂದ. ಇವನನ್ನ ಕೆಟ್ಟವ ಅಂತ ಹೆಂಗ ಅನ್ನೂದು?

ಅವನನ್ನ ಕೆಡಿಸಿದ್ದು ಮಂದಿಯ ಅಂಜಿಕೆ. ಗಿಲ್ಗಾಲದಾಗ ಏಳು ದಿನ ಕಾದ, ಮಂದಿ ಚದುರಾಕತ್ತಿದ್ದು ನೋಡಿ ತಾನೇ ಹೋಮ ಮಾಡಿಬಿಟ್ಟ. (ಸಮುವೇಲನೂ ಹೇಳಿದ ಹೊತ್ತಿಗೆ ಬಂದಿರಲಿಲ್ಲ, ಅದನ್ನ ಯಾರೂ ಹೇಳೂದಿಲ್ಲ.) ಮುಂದ ಅಮಾಲೇಕ್ಯರ ಯುದ್ಧ. ಕೂಸುಗಳನ್ನೂ ಬಿಡಬ್ಯಾಡ ಅನ್ನುವ ಅಲ್ಲಿಯ ಅಪ್ಪಣೆಯನ್ನು ನನ್ನ ಎದಿ ಇವತ್ತಿಗೂ ಒಪ್ಪೂದಿಲ್ಲ. ಆದರ ಸೌಲ ತಪ್ಪಿದ್ದು ಕರುಣೆಯಿಂದಲ್ಲ. ಕೊಬ್ಬಿದ ಕುರಿ-ದನ ಉಳಿಸಿಕೊಂಡ, ಕೆಲಸಕ್ಕ ಬಾರದ್ದನ್ನ ಕೊಂದ. ಸಮುವೇಲ ಬರೂದ್ರಾಗ ಕುರಿ ಒದರಿದವು. ಕುರಿ ಕಾಯುವವರಿಗೆ ಗೊತ್ತು, ಹಿಂಡು ಮುಚ್ಚಿಡಲಿಕ್ಕೆ ಬರೂದಿಲ್ಲ. ದೇವರಿಗೆ ಬಲಿ ಕೊಡಲಿಕ್ಕೆ ಮಂದಿ ಉಳಿಸ್ಯಾರ ಅಂತ ನೆವ ಹೇಳಿದ. ಕಡೀಕ ಮಂದಿಗೆ ಅಂಜಿ ಮಾಡಿದೆ ಅಂತ ಒಪ್ಪಿಕೊಂಡ. ಒಪ್ಪಿಕೊಂಡ ಮ್ಯಾಲೂ ಹಿರಿಯರ ಮುಂದ ತನ್ನ ಮಾನ ಉಳಿಸಬೇಕಂತ ಬೇಡಿದ.

ಹಾಡು ಬರೂದು ಇದರ ಮ್ಯಾಲ. ಗೊಲ್ಯಾತ ಸತ್ತಾಗ ಹೆಣ್ಣುಮಕ್ಕಳು ದಮ್ಮಡಿ ಬಡಿಕೊಂತ ಬಂದು, ಸೌಲನ ಲೆಕ್ಕಕ್ಕ ಸಾವಿರ, ದಾವೀದನ ಲೆಕ್ಕಕ್ಕ ಹತ್ತು ಸಾವಿರ ಇಟ್ಟು ಹಾಡಿದರು. ನಮ್ಮ ಜತ್ತ, ವಿಜಯಪುರ ಕಡೆ ಹರದೇಶಿ-ನಾಗೇಶಿ ವಾದದ ಪದ ಕೇಳಿದವರಿಗೆ ಇದು ಹೊಸದಲ್ಲ. ಒಂದನ್ನ ಏರಿಸಲಿಕ್ಕೆ ಇನ್ನೊಂದನ್ನ ಇಳಿಸೂದು ಹಾಡಿನ ಕಸುಬು. ಅದರಾಗ ಹಗೆ ಇರೂದಿಲ್ಲ. ಬೆಳಗಾದರ ಎರಡೂ ಮ್ಯಾಳದವರು ಕೂಡಿ ಚಹಾ ಕುಡೀತೀವಿ. ಆ ಹೆಣ್ಣುಮಕ್ಕಳೂ ಇಬ್ಬರನ್ನೂ ಹೊಗಳಾಕತ್ತಿದ್ದರು. ಸಾವಿರ ಅಂದರ ಸಣ್ಣದೇನ್ರಿ? ಸೌಲನಿಗೆ ತನ್ನ ಸಾವಿರ ಕೇಳಲೇ ಇಲ್ಲ.

ನಮ್ಮೂರಾಗೂ ಹಿಂಗ. ತಮ್ಮಗ ನಾಲ್ಕು ಚೀಲ ಜೋಳ ಹೆಚ್ಚಾದರ ಅಣ್ಣಗ ತನ್ನ ರಾಶಿ ಕಾಣೂದಿಲ್ಲ. ಜಾತ್ರಿ ಕಾರ್ಡಿನಾಗ ಹೆಸರು ಎರಡನೇ ಸಾಲಿಗೆ ಬಂತಂತ ಊಟಕ್ಕ ಬರದವರನ್ನ ಎಲ್ಲಾರೂ ನೋಡೇವಿ. ಸೌಲನ ಮನಿಯಾಗೇ ಯೋನಾತಾನ ಇದ್ದ. ಗಾದಿ ಅವನಿಗೇ ಬರಬೇಕಿತ್ತು. ಅವನು ತನ್ನ ನಿಲುವಂಗಿ, ಕತ್ತಿ, ಬಿಲ್ಲು ಬಿಚ್ಚಿ ದಾವೀದಗ ಕೊಟ್ಟ.

ನನಗ ಬಹಳ ಸಂಕಟ ಆಗುವ ಜಾಗ ಸೌಲನ ಸಾವಲ್ಲ, ಈಟಿ ಒಗೆದದ್ದು. ಮನಸ್ಸು ಕದಡಿದಾಗ ದಾವೀದ ಕಿನ್ನರಿ ನುಡಿಸಿದರ ಅವನಿಗೆ ಸಮಾಧಾನ ಆಗತಿತ್ತು. ಬ್ಯಾರೆ ಔಷಧ ಇರಲಿಲ್ಲ. ಅದನ್ನ ನುಡಿಸುವವನ ಮ್ಯಾಲೇ ಈಟಿ ಎತ್ತಿದ. ಆಮ್ಯಾಲಿನ ಅಧ್ಯಾಯಗಳು ಬರೇ ಬೆನ್ನಟ್ಟೂದು, ಗುಡ್ಡ-ಗವಿ ಅಲೆಯೂದು.

ಗಿಲ್ಬೋವ ಗುಡ್ಡದಾಗ ಸೋತು ತನ್ನ ಕತ್ತಿ ಮ್ಯಾಲ ತಾನೇ ಬಿದ್ದು ಸತ್ತ. ಫಿಲಿಷ್ಟಿಯರು ಹೆಣ ಒಯ್ದು ಗೋಡೆಗೆ ತೂಗುಹಾಕಿದರು. ಉಪದೇಶಿಗಳು ಇಲ್ಲಿಗೆ ಪುಸ್ತಕ ಮುಚ್ಚತಾರ. ಆದರ ಇನ್ನೂ ಮೂರು ವಚನ ಉಳಿದಾವ: ಯಾಬೇಷ್ ಗಿಲ್ಯಾದಿನ ಮಂದಿ ರಾತ್ರಿಯೆಲ್ಲಾ ನಡೆದು ಬಂದು ಆ ಹೆಣ ಇಳಿಸಿಕೊಂಡು ಹೋದರು, ಎಲುಬು ಗಿಡದ ಬುಡಕ ಹೂಳಿ ಏಳು ದಿನ ಉಪವಾಸ ಇದ್ದರು. ಎತ್ತಿನ ಹಿಂದಿನಿಂದ ಬಂದು ತಮ್ಮ ಕಣ್ಣು ಉಳಿಸಿದವನನ್ನ ಅವರು ಮರೆತಿರಲಿಲ್ಲ. ಎರಡನೇ ಪುಸ್ತಕದ ಮೊದಲನೇ ಅಧ್ಯಾಯದಾಗ ದಾವೀದನೂ ಒಂದು ಅಳುವ ಹಾಡು ಕಟ್ಟ್ಯಾನ. ಅಪ್ಪ-ಮಗ ಇಬ್ಬರನ್ನೂ ಅಗಲಿಸದೆ ಕೂಡಿಸಿ ಹಾಡ್ಯಾನ. ಅದರಾಗ ಸಾವಿರದ ಲೆಕ್ಕಾನೂ ಇಲ್ಲ, ಹತ್ತು ಸಾವಿರದ ಲೆಕ್ಕಾನೂ ಇಲ್ಲ.