ಕಾಡಿನ ನಡಿಗೆ: ಮದ್ದೆಷ್ಟು, ಭರವಸೆಯೆಷ್ಟು?

1982ರಲ್ಲಿ ಜಪಾನಿನ ಅರಣ್ಯ ಇಲಾಖೆ ‘ಶಿನ್‌ರಿನ್-ಯೋಕು’ ಎಂಬ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಈ ಅರಣ್ಯಸ್ನಾನವನ್ನು ವೈದ್ಯಕೀಯದ ಅಂಗಳಕ್ಕೆ ತಂದವರಲ್ಲಿ ಟೋಕಿಯೊದ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಚಿಂಗ್ ಲೀ ಪ್ರಮುಖರು. 2018ರಲ್ಲಿ ಬಂದ ಅವರ ಪುಸ್ತಕ ಇದನ್ನು ಹಲವು ದೇಶಗಳ ಓದುಗರಿಗೆ ಮುಟ್ಟಿಸಿತು.

ಈ ಪದ್ಧತಿಯ ದೊಡ್ಡ ಗುಣ ಸರಳತೆ. ಬೆಟ್ಟ ಹತ್ತುವ ಧಾವಂತವಿಲ್ಲ, ಹೆಜ್ಜೆಯ ಲೆಕ್ಕವಿಲ್ಲ. ನಿಧಾನವಾಗಿ ನಡೆಯಬೇಕು, ಬೇಕೆನಿಸಿದಲ್ಲಿ ನಿಲ್ಲಬೇಕು, ತೊಗಟೆ ಮುಟ್ಟಿ ನೋಡಬೇಕು.

ಇದಕ್ಕೆ ಗಟ್ಟಿ ಆಧಾರವೂ ಇದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಪಾನಿನ 24 ಕಾಡುಗಳಲ್ಲಿ ನಡೆದಿತ್ತು. ಪ್ರತಿ ಜಾಗದಲ್ಲೂ ಹನ್ನೆರಡು ಯುವಕರು; ಅರ್ಧ ಜನ ಕಾಡಿಗೆ, ಅರ್ಧ ಜನ ಪೇಟೆಗೆ, ಮರುದಿನ ಅದಲುಬದಲು. ಜೊಲ್ಲಿನಲ್ಲಿ ಅಳೆದ ಒತ್ತಡದ ಹಾರ್ಮೋನು ಕಾರ್ಟಿಸಾಲ್, ಕಾಡಿನಲ್ಲಿ ನಡೆದ ಮೇಲೆ ಪೇಟೆಗಿಂತ ಸುಮಾರು ಶೇ 16ರಷ್ಟು ಕಡಿಮೆಯಿತ್ತು. ರಕ್ತದೊತ್ತಡದ ಮೇಲಿನ ಅಂಕಿ ಇಳಿದದ್ದು ಶೇ 2ರಷ್ಟು ಮಾತ್ರ. ಅಂದರೆ 120 ಇದ್ದದ್ದು 118ರ ಹತ್ತಿರ. ಅದೇ ಜನ ಎರಡೂ ಕಡೆ ನಡೆದದ್ದರಿಂದ ಈ ಹೋಲಿಕೆ ನಂಬಲರ್ಹ. ಆದರೆ ಬಿಪಿ ಮಾತ್ರೆ ಬಿಡುವಷ್ಟು ದೊಡ್ಡ ಫಲ ಇದಲ್ಲ.

ನನ್ನ ತಕರಾರು ಇರುವುದು ಲೀಯವರ ಹೆಸರಾಂತ ಪ್ರಯೋಗದಿಂದ ಜನ ತೆಗೆಯುವ ತೀರ್ಮಾನದ ಬಗ್ಗೆ. ಟೋಕಿಯೊದ 12 ಗಂಡಸರು ಮೂರು ದಿನ ಕಾಡಿನಲ್ಲಿದ್ದು ಬಂದಾಗ, ಸೋಂಕು ಮತ್ತು ಗೆಡ್ಡೆಯ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳ ಚಟುವಟಿಕೆ ಅರ್ಧದಷ್ಟು ಹೆಚ್ಚಿತ್ತು. ನಗರ ಪ್ರವಾಸದಲ್ಲಿ ಈ ಏರಿಕೆ ಕಾಣಲಿಲ್ಲವೆಂಬುದನ್ನೂ ಲೀ ತೋರಿಸಿದ್ದಾರೆ. ಇದು ಕುತೂಹಲದ ಸಂಗತಿಯೇ ಸರಿ. ಆದರೆ ಹನ್ನೆರಡು ಜನರ ರಕ್ತದಲ್ಲಿ ಕಂಡದ್ದನ್ನು ಹಿಡಿದು ಕಾಡು ಕ್ಯಾನ್ಸರ್ ತಡೆಯುತ್ತದೆ ಎಂದು ಸಾರುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಜಪಾನಿನ ಸಲಹೆಯನ್ನು ಇದ್ದಂತೆಯೇ ಇಲ್ಲಿಗೆ ತರುವಂತೆಯೂ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ದರಗು, ಸೌದೆ ತರಲು ಹೋಗುವವರಿಗೆ ಇದರ ಭಯ ಗೊತ್ತು. ಅಲ್ಲಿ ಮೈಮುಚ್ಚುವ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರು ಸೋಪಿನ ಸ್ನಾನ ನಡಿಗೆಯಷ್ಟೇ ಮುಖ್ಯ.

ಇಷ್ಟೆಲ್ಲ ಹೇಳಿಯೂ ಈ ಪದ್ಧತಿಯ ಪರವಾಗಿಯೇ ನಾನಿದ್ದೇನೆ. ದಣಿದ ಮನಸ್ಸಿಗೆ ಖರ್ಚಿಲ್ಲದ ವಿಶ್ರಾಂತಿ ಕೊಡುತ್ತದೆ ಎಂಬುದೊಂದೇ ಅದನ್ನು ಅಭ್ಯಾಸ ಮಾಡಲು ಸಾಕಾದ ಕಾರಣ. ಆ ವಿಶ್ರಾಂತಿ ಎಲ್ಲರಿಗೂ ದಕ್ಕಬೇಕಾದರೆ ದೂರದ ರೆಸಾರ್ಟಿನ ಪ್ಯಾಕೇಜಿಗಿಂತ, ಊರಿನ ಪಕ್ಕದ ಕುರುಚಲು ಕಾಡನ್ನು ಸೈಟು ಮಾಡದೆ ಉಳಿಸುವುದು ಮೊದಲಾಗಬೇಕು.