ಮೊದಲ ನೋಟದ ಹಾಡು

2006ರ ‘ಮುಂಗಾರು ಮಳೆ’ ಚಿತ್ರದ ‘ಅನಿಸುತಿದೆ’ ಹಾಡು ವಿದ್ಯಾರಣ್ಯಪುರದ ಆಟೋಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಕೇಳಿದಾಗಲೆಲ್ಲ ನನಗೆ ಶಕುಂತಲೆ ಬೆಳೆದ ಕಣ್ವರ ಆಶ್ರಮ ಕಣ್ಣಿಗೆ ಕಟ್ಟುತ್ತದೆ. ಹಾಡು ಬರೆದ ಜಯಂತ ಕಾಯ್ಕಿಣಿಯವರ ಪ್ರೇಮಿಗೆ ಹುಡುಗಿಯ ಚೆಲುವಿಗಿಂತ ತನ್ನೊಳಗೆ ಏನಾಗುತ್ತಿದೆ ಎಂಬುದೇ ದೊಡ್ಡ ಬೆರಗು. ಮನೋಮೂರ್ತಿಯವರ ರಾಗವೂ ಅವಸರಪಡದೆ, ಆ ಬೆರಗಿಗೆ ಜಾಗ ಬಿಟ್ಟು ನಡೆಯುತ್ತದೆ.

ಕಾಳಿದಾಸನ ‘ಶಾಕುಂತಲ’ದ ಮೊದಲ ಅಂಕದ ಜೀವವೂ ಅದೇ. ಜಿಂಕೆಯ ಬೆನ್ನಟ್ಟಿ ಬಂದ ದುಷ್ಯಂತ ಮರೆಯಲ್ಲಿ ನಿಂತು, ಗಿಡಗಳಿಗೆ ನೀರೆರೆಯುವ ಶಕುಂತಲೆಯನ್ನು ನೋಡುತ್ತಾನೆ. ಅವಳ ಮುಖದ ಸುತ್ತ ಹಾರುವ ದುಂಬಿಯ ಮೇಲೂ ಅವನಿಗೆ ಅಸೂಯೆ! ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಶಕುಂತಲೆಯ ತಳಮಳ. ಇವನನ್ನು ಕಂಡು ತಪೋವನಕ್ಕೆ ಒಗ್ಗದ ಭಾವ ತನ್ನಲ್ಲೇಕೆ ಹುಟ್ಟಿತೆಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಹೊರಡುವಾಗ ಕಾಲಿಗೆ ದರ್ಭೆ ಚುಚ್ಚಿತು, ನಾರುಡೆ ಕೊಂಬೆಗೆ ಸಿಕ್ಕಿತು ಎಂದು ನೆಪ ಹೂಡಿ ಮತ್ತೆ ತಿರುಗಿ ನೋಡುತ್ತಾಳೆ. ಹಾಡಿನಲ್ಲಿ ಗಂಡಿನ ದನಿಯಷ್ಟೇ ಇದೆ. ಕಾಳಿದಾಸ ಇಬ್ಬರ ಎದೆಬಡಿತವನ್ನೂ ಕೇಳಿಸುತ್ತಾನೆ.

ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದರು. ಕಾಲೇಜು ಮಕ್ಕಳಿಗೆ ‘ಶಾಕುಂತಲ’ದ ಪಾಠ ಹೇಳುವವರು ಮೊದಲು ‘ಅನಿಸುತಿದೆ’ ಹಾಡು ಕೇಳಿಸಿ, ಆಮೇಲೆ ಶಾಸ್ತ್ರಿಗಳ ಪುಸ್ತಕ ತೆರೆಯಲಿ.